ಶಾಂತಿಯ ಅಕ್ಕಿ

ಫ್ರೀಮ್ಯಾಂಟಲ್
೨೦ ಜೂನ್ ೨೦೨೫

ನನ್ನ ಮುದ್ದು ಜ್ಯೋತ್ಸ್ನಾ,

ನೀನು ಚೆನ್ನಾಗಿರು. ಇಷ್ಟು ಹರಸಿದ್ದಾಯಿತು, ಈಗ ಬೈಯುತ್ತೇನೆ. ಇಂಥ ಮಾತನ್ನು ಯಾರಾದರೂ ವಾಟ್ಸ್ಯಾಪಿನಲ್ಲಿ ಕೇಳುತ್ತಾರೇನೇ? ನಿನ್ನ ಮೆಸೇಜು ಬಂದಾಗ ನಾನು ನಿನ್ನ ತಮ್ಮನ ಕಾರಿನಲ್ಲಿದ್ದೆ. ನನ್ನ ಫೋನು ಆ ಕಾರಿನೊಂದಿಗೆ ಅದೇನೋ ನಂಟು ಬೆಳೆಸಿಕೊಂಡಿದೆ, ಯಾವ ಮೆಸೇಜು ಬಂದರೂ ಒಬ್ಬ ಹೆಂಗಸು ಗಟ್ಟಿಯಾಗಿ ಓದಿಬಿಡುತ್ತಾಳೆ. ಪುಣ್ಯಕ್ಕೆ ನೀನು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದೆ. ಅವಳ ಬಾಯಲ್ಲಿ ನಿಮ್ಮಪ್ಪ ಆ್ಯಪ್ ಆಗಿಹೋದರು. "ಏನಮ್ಮಾ, ಅಕ್ಕ ಯಾವ್ದೋ ಆ್ಯಪ್ ಡೌನ್‌ಲೋಡ್ ಮಾಡ್ಕೋ ಅಂತಿದಾಳಾ?" ಎಂದು ಪ್ರಶಾಂತ ಕೇಳಿದ. ಹೌದಪ್ಪ ಎಂದೆ.

ಅದಕ್ಕೇ ಈ ಕಾಗದ. ಓದಿ ಹರಿದು ಹಾಕು. ಪ್ರಶಾಂತನಿಗೆ ಹೇಳಬೇಡ, ಅವನ ಹೆಂಡತಿ ಪ್ರಣತಿಗಂತೂ ಬೇಡವೇ ಬೇಡ. ಒಳ್ಳೆಯ ಹುಡುಗಿ, ಆದರೆ ನಾನು ಅಡುಗೆಮನೆಯಲ್ಲಿ ಫೋನಿನಲ್ಲಿ ಮಾತಾಡುವಾಗಲೇ ಅವಳಿಗೆ ಡಿಷ್‌ವಾಷರಿನಿಂದ ಪಾತ್ರೆ ತೆಗೆಯುವುದು ನೆನಪಾಗುತ್ತದೆ.

ನೀನು ಕೇಳಿದ್ದನ್ನು ನನ್ನ ಕೈಯಾರೆ ಒಮ್ಮೆ ಬರೆದುಕೊಳ್ಳುತ್ತೇನೆ, ಆಗ ಗೊಂದಲ ಇರುವುದಿಲ್ಲ. ಬ್ರಿಸ್ಬೇನಿನ ನಿಮ್ಮ ಗ್ಯಾಲರಿಯಲ್ಲಿ ಆಗಸ್ಟಿಗೆ ಲಿದಿಯಾ ಪಾವ್ಲೊವ್ನಾಳ ಸೋವಿಯತ್ ಪೋಸ್ಟರುಗಳ ಪ್ರದರ್ಶನ. ಪೋಸ್ಟರು ಕೊಟ್ಟವನು ಅಡಿಲೇಡಿನಲ್ಲಿರುವ ಅವಳ ಮಗ ಅಲೆಕ್ಸೇಯ್. ಸಾಯುವ ಮುಂಚೆ ಅವಳು ಅವನಿಗೆ, ನಿನ್ನ ಅಪ್ಪ ಮಾಸ್ಕೋದ ಪ್ರಕಾಶನದ ಕನ್ನಡ ವಿಭಾಗದಲ್ಲಿದ್ದ ಭಾರತೀಯ ಎಂದು ಹೇಳಿದ್ದಳಂತೆ. ನಿಮ್ಮಪ್ಪ ಅಲ್ಲಿದ್ದರು ಎಂದು ಗೊತ್ತಾದ ಮೇಲೆ ಅವನು ನಿನಗೊಂದು ಟ್ಯೂಬು ಕಳಿಸಿದ್ದಾನೆ, ಅದರಲ್ಲಿ ಉಗುಳಿ ಕೊಟ್ಟರೆ ಅಣ್ಣನೋ ಅಲ್ಲವೋ ತಿಳಿಯುತ್ತದೆ. ನೀನು ನನಗೆ ಬರೆದದ್ದು ಇದು: ಅಮ್ಮಾ, ನೀನು ಅಲ್ಲ ಅಂದರೆ ಅಲ್ಲ, ಟ್ಯೂಬನ್ನು ಬಿಸಾಕಿಬಿಡ್ತೀನಿ. ಹೌದು ಅಂದರೆ ಪ್ರದರ್ಶನದ ದಿನ ಅವನನ್ನು ಎಲ್ಲರ ಮುಂದೆ ಅಣ್ಣ ಅಂತೀನಿ.

ನನ್ನ ಉತ್ತರ, ಅಲ್ಲ. ಟ್ಯೂಬನ್ನು ಕಸದ ಬುಟ್ಟಿಗೆ ಹಾಕು.

ಆಧಾರವಿಲ್ಲದೆ ನೀನು ಒಪ್ಪುವವಳಲ್ಲ, ನಿಮ್ಮಪ್ಪನ ಮಗಳು. ಆಧಾರ ಕೊಡುತ್ತೇನೆ, ಕೂತುಕೊಂಡು ಓದು.

ನಾವು ಮಾಸ್ಕೋಗೆ ಹೋದದ್ದು ೧೯೮೩ರಲ್ಲಿ, ಮದುವೆಯಾದ ಮರುವರ್ಷ. ರಷ್ಯನ್ ಪುಸ್ತಕಗಳನ್ನು ನಮ್ಮ ಭಾಷೆಗಳಲ್ಲಿ ಅಚ್ಚು ಹಾಕುವ ದೊಡ್ಡ ಪ್ರಕಾಶನ ಅದು. ಕನ್ನಡ ವಿಭಾಗ ಎಂದರೆ ಮೂರೇ ಜನ. ಅನುವಾದಕ್ಕೆ ನಿಮ್ಮಪ್ಪ ಮತ್ತು ಬಾಲಕೃಷ್ಣ, ಕರಡು ತಿದ್ದುವುದಕ್ಕೆ ನಾನು. ಬಾಲಕೃಷ್ಣನನ್ನು ನೀನು ನೋಡಿಲ್ಲ. ಮದುವೆಯಾಗಿರಲಿಲ್ಲ, ಕುರುಚಲು ಗಡ್ಡ, ಒಳ್ಳೆಯ ಹಾಡುಗಾರ. ನಮ್ಮ ಮೇಲಿನ ಮಹಡಿಯಲ್ಲಿ ಪೋಸ್ಟರ್ ವಿಭಾಗ. ಅಲ್ಲಿದ್ದಳು ಲಿದಿಯಾ.

ನೀನು ಕ್ಯಾಟಲಾಗಿನಲ್ಲಿ ಅವಳನ್ನು ಮಹಾ ಕಲಾವಿದೆ ಎಂದು ಬರೆದಿದ್ದೀಯ. ಇರಲಿ, ಕೈ ಚೆನ್ನಾಗಿತ್ತು, ಇಲ್ಲ ಎನ್ನುವುದಿಲ್ಲ. ವೊರೋನೆಝ್ ಎಂಬ ಊರಿನ ರೈಲ್ವೆ ಸಿಗ್ನಲ್‌ನವನ ಮಗಳು. ಇಪ್ಪತ್ತೆರಡನೆಯ ವಯಸ್ಸಿಗೆ ಮೊದಲ ಪೋಸ್ಟರ್ ಬರೆದಳು, ಹಾಲು ಕರೆಯುವ ಹುಡುಗಿ. ಅಲ್ಲಿ ಪ್ರತಿ ಚಿತ್ರವೂ ಕಲಾ ಮಂಡಳಿಯ ಮುಂದೆ ಹೋಗಬೇಕು. ಹುಡುಗಿ ಸರಿಯಾಗಿದ್ದಾಳೆ, ಹಸುವಿನ ಮುಖದಲ್ಲಿ ದುಃಖ ಇದೆ, ನಮ್ಮ ದೇಶದ ಹಸುಗಳಿಗೆ ದುಃಖ ಇಲ್ಲ ಎಂದು ಬರೆದು ವಾಪಸ್ಸು ಕಳಿಸಿದರಂತೆ. ಹಸು ನಗುವ ತನಕ ತಿದ್ದಿದಳಂತೆ. ಟ್ರ್ಯಾಕ್ಟರ್ ಓಡಿಸುವವಳು, ನೂಲು ತೆಗೆಯುವವಳು, ವೆಲ್ಡಿಂಗ್ ಮಾಡುವವಳು, ಎಲ್ಲರಿಗೂ ಹಲ್ಲು ಕಾಣಲೇಬೇಕು. ಇಷ್ಟು ವರ್ಷದಲ್ಲಿ ಬಾಯಿ ಮುಚ್ಚಿಕೊಂಡಿರುವ ಒಬ್ಬ ಹೆಂಗಸನ್ನೂ ಬರೆದಿಲ್ಲ ಎಂದು ಒಮ್ಮೆ ನನ್ನ ಹತ್ತಿರ ಹೇಳಿಕೊಂಡಿದ್ದಳು. ನೀನು ಇದನ್ನೆಲ್ಲ ನಂಬುತ್ತೀಯಾ ಎಂದು ಕೇಳಿದ್ದಕ್ಕೆ, ನಾನು ಪೋಸ್ಟರ್ ಮಾಡುತ್ತೇನೆ, ನಂಬಿಕೆ ತಯಾರಿಸುವುದು ಬೇರೆ ವಿಭಾಗದವರು ಎಂದಳು. ನಾನು ನಕ್ಕೆ. ಅವಳ ಮೇಲೆ ನನಗೆ ಆಗಿನ್ನೂ ಅನುಮಾನ ಹುಟ್ಟಿರಲಿಲ್ಲ.

ನಿನ್ನ ಪಟ್ಟಿಯಲ್ಲಿ ಮೂರನೆಯದು ಅಣೆಕಟ್ಟಿನ ಪೋಸ್ಟರ್ ಅಲ್ಲವೇ? ಅದರ ಬಲಗಡೆ ಒಂದು ಬರ್ಚ್ ಮರ ಇದೆ. ಅಲ್ಲಿ ಮೊದಲು ಒಬ್ಬ ಮಂತ್ರಿ ನಿಂತಿದ್ದ. ಪೋಸ್ಟರು ಅಚ್ಚಿಗೆ ಹೋದ ವಾರವೇ ಅವನ ಪದವಿ ಹೋಯಿತು. ಲಿದಿಯಾ ಅಚ್ಚುಮನೆಗೆ ಓಡಿಹೋಗಿ ಅವನನ್ನು ಕೆರೆದು ಮರ ಮಾಡಿದಳು. ಹತ್ತಿರ ಹೋಗಿ ನೋಡು, ಮರಕ್ಕೆ ಇನ್ನೂ ಕೋಟಿನ ಗುಂಡಿಗಳಿವೆ. ಅಷ್ಟು ಚಾಲಾಕು ಹೆಂಗಸು. ಒಬ್ಬ ಮನುಷ್ಯನನ್ನು ಇದ್ದಲ್ಲೇ ಇಲ್ಲ ಅನ್ನಿಸುವುದು ಅವಳಿಗೆ ಕಸುಬಾಗಿತ್ತು. ನಾನು ಇದನ್ನು ಹೊಗಳಿಕೆಗೆ ಬರೆಯುತ್ತಿಲ್ಲ.

ಅನುಮಾನ ಹುಟ್ಟಿದ್ದು ಎರಡನೆಯ ಚಳಿಗಾಲದಲ್ಲಿ. ನಿಮ್ಮಪ್ಪ ಟೀ ಕುಡಿಯಲು ಮೇಲಿನ ಮಹಡಿಗೆ ಹೋಗತೊಡಗಿದರು. ನಮ್ಮ ಮಹಡಿಯಲ್ಲೂ ಟೀ ಇತ್ತು, ಅದೇ ಕಂಪನಿಯ ಟೀ. ಆಮೇಲೆ ನನ್ನ ಹಸಿರು ಸೀರೆ ಬೀರುವಿನಿಂದ ಮಾಯವಾಯಿತು. ಕೇಳಿದರೆ ಲಾಂಡ್ರಿಗೆ ಕೊಟ್ಟಿದ್ದೇನೆ ಎಂದರು. ಹೆಂಡತಿಯ ಸೀರೆಯನ್ನು ಕೇಳದೆ ಲಾಂಡ್ರಿಗೆ ಕೊಡುವ ಗಂಡನನ್ನು ನೀನು ಎಲ್ಲಾದರೂ ಕಂಡಿದ್ದೀಯಾ? ವಾರದ ಮೇಲೆ ಸೀರೆ ಬಂತು, ಸೆರಗಿನಲ್ಲಿ ನೀಲಿ ಬಣ್ಣದ ಚುಕ್ಕೆ. ಲಿದಿಯಾ ಊಹೆಯಿಂದ ಏನನ್ನೂ ಬರೆಯುತ್ತಿರಲಿಲ್ಲ, ಎದುರಿಗೆ ವಸ್ತು ಇರಲೇಬೇಕು, ಬ್ರೆಡ್ಡಿನ ಕ್ಯೂನಲ್ಲಿ ನಿಂತ ಹೆಂಗಸರನ್ನು ಕರೆದು ಕೈಗೆ ಸ್ಪ್ಯಾನರ್ ಕೊಟ್ಟು ನಿಲ್ಲಿಸುತ್ತಿದ್ದಳು. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಕೈಗೆ ಸಿಕ್ಕಿದ್ದು ಒಂದು ಚುಕ್ಕೆ ಮಾತ್ರ. ಲಿಫ್ಟಿನ ಪಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಂತಿದ್ದೇನೆ, ಏನೂ ಕಾಣಲಿಲ್ಲ.

೧೯೮೫ರ ಬೇಸಿಗೆಯಲ್ಲಿ ಯುವಜನೋತ್ಸವ ಬಂತು. ಶಾಂತಿಯ ಘೋಷಣೆಯನ್ನು ನೂರು ಭಾಷೆಗಳಲ್ಲಿ ಬರೆಯುವುದು ಎಂದಾಯಿತು. ಆಯಾ ಭಾಷೆಯ ವಿಭಾಗದವರು ನೋಡಿ ಮೊಹರು ಒತ್ತಬೇಕು. ಕನ್ನಡದ್ದು ಮಾತ್ರ ನನ್ನ ಮೇಜಿಗೆ ಬರಲೇ ಇಲ್ಲ. ಲಿದಿಯಾ ತಾನೇ ಬರೆದಳು. ಸೀರೆ ಉಟ್ಟ ಹೆಂಗಸು, ಕೈ ಮೇಲೆತ್ತಿದ್ದಾಳೆ, ಪಾರಿವಾಳ ಹಾರುತ್ತಿದೆ. ಸೀರೆ ಹಸಿರು. ಕೆಳಗೆ ಕನ್ನಡ, ಅಚ್ಚು ಮೊಳೆಗಿಂತ ಗುಂಡಾದ ಅಕ್ಷರ. ಶಾಂತಿಯ ಹಕ್ಕಿ ಹಾರಲಿ ಎಂದಿರಬೇಕಿತ್ತು. ಅವಳು ಬರೆದದ್ದು, ಶಾಂತಿಯ ಅಕ್ಕಿ ಆರಲಿ.

ನಿನಗೆ ಇದರಲ್ಲಿ ನಗು ಬಂದರೆ ನಕ್ಕುಬಿಡು. ಬೆಂಗಳೂರಿನಿಂದ ಬಂದಿದ್ದ ಒಬ್ಬ ಪ್ರತಿನಿಧಿಯೂ ಸಭಾಂಗಣದಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕ. ಎಲ್ಲಮ್ಮಾ ಒಣಗ್ ಹಾಕಿದೀರಾ ಶಾಂತಿಯ ಅಕ್ಕೀನಾ ಎಂದು ನನ್ನನ್ನೇ ಕೇಳಿದ. ಮಾತು ಮೇಲಿನವರ ಕಿವಿಗೆ ಹೋಯಿತು. ಸೋವಿಯತ್ ಪೋಸ್ಟರನ್ನು ನೋಡಿ ವಿದೇಶಿಯರು ನಗುವುದೆಂದರೆ ಅಲ್ಲಿ ಸಣ್ಣ ಮಾತಲ್ಲ. ವಿಚಾರಣೆ ನಡೆಯಿತು. ಈ ವಾಕ್ಯ ನಿನಗೆ ಯಾರು ಹೇಳಿಕೊಟ್ಟರು ಎಂದು ಎಷ್ಟು ಕೇಳಿದರೂ ಅವಳು ಬಾಯಿ ಬಿಡಲಿಲ್ಲ. ಪ್ರತಿಗಳನ್ನೆಲ್ಲ ರುಬ್ಬಿಹಾಕಿದರು, ಅವಳು ಬಚ್ಚಿಟ್ಟುಕೊಂಡ ಒಂದು ಪ್ರತಿಯೇ ಈಗ ನಿನ್ನ ಹತ್ತಿರ ಇರುವುದು. ಪೋಸ್ಟರ್ ವಿಭಾಗದಿಂದ ಅವಳನ್ನು ತೆಗೆದುಹಾಕಿದರು. ಚಳಿಗಾಲದ ಹೊತ್ತಿಗೆ ಮಗುವನ್ನೂ ಹೆತ್ತಳು, ಗಂಡ ಇಲ್ಲದ ಹೆಂಗಸು. ಆಮೇಲೆ ಜಾಮ್ ಬಾಟಲಿಯ ಲೇಬಲ್ ಬರೆದಳಂತೆ, ಸ್ಟ್ರಾಬೆರಿ, ಪ್ಲಮ್ಮು. ಅಡಿಲೇಡಿಗೆ ಬಂದಮೇಲೆ ಪ್ರಾಸ್ಪೆಕ್ಟ್ ರಸ್ತೆಯ ಕೆಫೆಗಳಿಗೆ ಸೀಮೆಸುಣ್ಣದಲ್ಲಿ ಇವತ್ತಿನ ಸ್ಪೆಷಲ್ ಬರೆಯುತ್ತಿದ್ದಳಂತೆ. ಹತ್ತೊಂಬತ್ತು ವರ್ಷ ಇಡೀ ದೇಶದ ಗೋಡೆಗಳಿಗೆ ನಗು ಹಂಚಿದವಳು. ಅಯ್ಯೋ ಎನಿಸುತ್ತದೆ, ಹೊಟ್ಟೆ ಉರಿಯುವುದೂ ನಿಲ್ಲುವುದಿಲ್ಲ.

ಈಗ ಒಂದು ವಿಷಯ ಹೇಳಬೇಕು. ಹೋದ ವಾರ ನಾನು ಅಡಿಲೇಡಿಗೆ ಹೋಗಿಬಂದೆ. ಅಲ್ಲಿರುವ ನನ್ನ ಗೆಳತಿ ಗೀತಾಳ ಮನೆಯ ಗೃಹಪ್ರವೇಶ ಎಂದು ಪ್ರಶಾಂತನಿಗೆ ಹೇಳಿದ್ದೆ. ಗೃಹಪ್ರವೇಶ ಇರಲಿಲ್ಲ, ಗೀತಾ ಇದ್ದಳು. ಆ ಅಲೆಕ್ಸೇಯ್‌ನನ್ನು ಕಣ್ಣಾರೆ ನೋಡದೆ ನಿನಗೆ ಹೌದು ಅಲ್ಲ ಹೇಳುವುದು ನನ್ನಿಂದ ಆಗುತ್ತಿರಲಿಲ್ಲ. ಬರುತ್ತೇನೆ ಎಂದು ಅವನಿಗೆ ತಿಳಿಸಲೂ ಇಲ್ಲ. ತಿಳಿಸಿದರೆ ಮನೆ ಗುಡಿಸಿಡುತ್ತಾರೆ, ಫೋಟೋ ಎತ್ತಿಡುತ್ತಾರೆ. ಅವನ ಮನೆಯ ಎದುರಿಗೇ ಒಂದು ಕೆಫೆ, ಅಲ್ಲಿ ಕೂತು ಅವನು ಬಿನ್ ಹೊರಗಿಡುವುದನ್ನು ನೋಡಿದೆ. ನಡಿಗೆ ನಿಮ್ಮಪ್ಪನದಲ್ಲ. ಸಮಾಧಾನವಾಯಿತು. ರಸ್ತೆ ದಾಟಿ ಬಾಗಿಲು ತಟ್ಟಿದೆ.

ಎತ್ತರದ ಆಳು, ಬಸ್ಸು ರಿಪೇರಿಯ ಕೆಲಸ, ಉಗುರಿನ ಸಂದಿಯಲ್ಲಿ ಗ್ರೀಸು. ನಾನು ಉದಯಶಂಕರ್ ಅವರ ಹೆಂಡತಿ ಎಂದಾಗ ಅವನ ಮುಖ ಒಂದು ಥರಾ ಆಯಿತು. "ನೋ ವರೀಸ್, ಕಮ್ ಇನ್, ಈ ಆರ್ವೋ ನಂಗೆ ಕೆಲಸ ಇಲ್ಲ" ಎಂಬಂತೆ ಏನೋ ಹೇಳಿದ, ಆರ್ವೋ ಎಂದರೆ ಮಧ್ಯಾಹ್ನವಂತೆ. ನಾನು ಅವನ ಕಿವಿ ನೋಡಿದೆ. ಮೂಗು ನೋಡಿದೆ, ಅದು ಲಿದಿಯಾಳದ್ದೇ. ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿ ಕಾಲ್ಬೆರಳೂ ನೋಡಿದೆ. ಯಾವುದರಿಂದಲೂ ಏನೂ ಗೊತ್ತಾಗಲಿಲ್ಲ. ಅವನಿಗೆ ಏನು ಬೇಕಿರಬಹುದು ಎಂದು ತಲೆ ಓಡುತ್ತಲೇ ಇತ್ತು. ನಮ್ಮ ಮೈಸೂರಿನ ಮನೆಯಲ್ಲಿ ಪಾಲೇ? ನಿನ್ನ ಗ್ಯಾಲರಿಯಲ್ಲಿ ಹೆಸರೇ? ಕೇಳಿಯೇಬಿಟ್ಟೆ. ಅವನು ತಲೆ ಕೆರೆದುಕೊಂಡು, ಆಸ್ಪತ್ರೆಯ ಫಾರಮ್ಮಿನಲ್ಲಿ ತಂದೆಯ ಕಡೆಯ ಕಾಯಿಲೆಗಳು ಎಂಬಲ್ಲಿ ಬರೆಯುವುದಕ್ಕೆ ಏನೂ ಇಲ್ಲ, ಅದು ಖಾಲಿ ಇದ್ದರೆ ಕಿರಿಕಿರಿಯಾಗುತ್ತದೆ ಎಂದ. ಅಷ್ಟೇ ಎಂದ. ಅಷ್ಟಕ್ಕೇ ಯಾರಾದರೂ ಟ್ಯೂಬು ಕಳಿಸುತ್ತಾರೆಯೇ ಎಂದು ನಾನು ಆಗ ನಂಬಲಿಲ್ಲ.

ಊಟದ ಹೊತ್ತಾಗಿತ್ತು. ಅವನು ಬೀಟ್‌ರೂಟ್ ಸೂಪು, ಅನ್ನ ತಂದಿಟ್ಟ. ತಟ್ಟೆ ಮುಂದಿಟ್ಟು, ಕೈ ಕಟ್ಟಿಕೊಂಡು, ದೇವರ ಮುಂದೆ ನಿಂತವನ ಹಾಗೆ ಒಂದು ಮಾತು ಹೇಳಿದ. ಆಸ್ಟ್ರೇಲಿಯದ ನಾಲಿಗೆಯಲ್ಲಿ ಹೊರಳಿದರೂ ಮಾತು ಸ್ಪಷ್ಟವಾಗಿತ್ತು. "ಒಟ್ಟೆ ಅಸೀತಾ? ಅನ್ನ ಆಕ್ಲಾ?"

ನನಗೆ ನಗು ತಡೆಯಲಾಗಲಿಲ್ಲ. ಇದರ ಅರ್ಥ ಗೊತ್ತೇನಪ್ಪಾ ಎಂದೆ. ಗೊತ್ತಿಲ್ಲ, ಅಮ್ಮ ತಟ್ಟೆ ಇಡುವಾಗಲೆಲ್ಲ ಹೇಳುತ್ತಿದ್ದಳು, ಐ ರೆಕನ್ ಏನೋ ಪ್ರಾರ್ಥನೆ ಎಂದ. ಅವನಿಗೆ ಬರುವ ಕನ್ನಡ ಅದೊಂದೇ. ನನಗೆ ಹಸಿವಿಲ್ಲ ಎಂದು ಹೇಳಿ ಟೀ ಕುಡಿದು ಎದ್ದು ಬಂದೆ.

ಈಗ ಸರಿಯಾಗಿ ಗಮನಿಸು. ಲಿದಿಯಾಳ ಕನ್ನಡಕ್ಕೆ ಹಕಾರವೇ ಇಲ್ಲ. ಪೋಸ್ಟರಿನಲ್ಲಿ ಅಕ್ಕಿ ಆರಲಿ, ಊಟದ ಮನೆಯಲ್ಲಿ ಒಟ್ಟೆ ಅಸೀತಾ. ಇದು ರಷ್ಯನ್ ನಾಲಿಗೆಯ ತಪ್ಪಲ್ಲ. ರಷ್ಯನ್ನರು ಹಕಾರವನ್ನು ನುಂಗುವುದಿಲ್ಲ, ಗಕಾರವನ್ನೋ ಖಕಾರವನ್ನೋ ತಂದು ಕೂರಿಸುತ್ತಾರೆ. ಹಿಮಾಲಯ ಅವರಿಗೆ ಗಿಮಾಲಯ. ಅವಳೇ ತಪ್ಪಿದ್ದರೆ ಶಾಂತಿಯ ಗಕ್ಕಿ ಗಾರಬೇಕಿತ್ತು. ಅಂದರೆ ಕಲಿಸಿದವನೇ ಹಕಾರ ನುಂಗುವವನು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಬಾಯಿ. ನಿಮ್ಮಪ್ಪನ ಹಕಾರ ನಿನಗೆ ಗೊತ್ತಲ್ಲ, ಹಂಪಿ ಎಂದರೆ ಎದುರಿಗಿನ ದೀಪ ಆರಬೇಕು. ತರಕಾರಿಯವನು ಊಕೋಸು ಎಂದರೆ ನಿಲ್ಲಿಸಿ ಹೂಕೋಸು ಎನ್ನಿಸಿಯೇ ದುಡ್ಡು ಕೊಡುತ್ತಿದ್ದ ಮನುಷ್ಯ. ನಮ್ಮ ಮನೆಯಲ್ಲಿ ಹಕಾರ ನುಂಗುವವರು ಯಾರೂ ಇರಲಿಲ್ಲ.

ವಿಭಾಗದಲ್ಲಿದ್ದದ್ದು ಇಬ್ಬರೇ ಗಂಡಸರು. ಬಾಲಕೃಷ್ಣ ಮದ್ದೂರಿನ ಕಡೆಯವನು. ಅವನ ಬಾಯಲ್ಲಿ ಹಾಲು ಆಲು, ಹಣ್ಣು ಅಣ್ಣು. ಇನ್ನೇನು ಬೇಕು? ಅಲೆಕ್ಸೇಯ್ ಬಾಲಕೃಷ್ಣನ ಮಗ. ಪಾಪ, ಬಾಲಕೃಷ್ಣ ತೀರಿಕೊಂಡು ಬಹಳ ವರ್ಷವಾಯಿತು, ನೆಂಟರ ವಿಳಾಸ ನನ್ನ ಹತ್ತಿರ ಇಲ್ಲ. ಹೀಗೆಂದು ಅಲೆಕ್ಸೇಯ್‌ಗೆ ಒಳ್ಳೆಯ ಮಾತಿನಲ್ಲಿ ತಿಳಿಸಿಬಿಡು, ಪೋಸ್ಟರುಗಳಿಗೆ ಥ್ಯಾಂಕ್ಸ್ ಹೇಳು. ಪೋಸ್ಟರಿನ ಕೆಳಗೆ ನಿಮ್ಮಪ್ಪನ ಹೆಸರು ಬೇಡ. ಸತ್ತವರು ಬಂದು ಜವಾಬು ಹೇಳುವುದಿಲ್ಲ.

ಟೂವಾಂಗಿನ ನಿನ್ನ ಮನೆಗೆ ಬಾಡಿಗೆ ಮತ್ತೆ ಏರಿಸಿದರಂತೆ, ಪ್ರಶಾಂತ ಹೇಳಿದ. ಆ ಮನೆಯವನ ಮಾತಿಗೆ ಸುಮ್ಮನೆ ತಲೆಯಾಡಿಸಬೇಡ, ಕಾಗದದಲ್ಲಿ ಬರೆಸಿಕೋ. ಹೊಟ್ಟೆಗೆ ಸರಿಯಾಗಿ ತಿನ್ನು.

ಎಂದೆಂದೂ ನಿನ್ನ ಒಳ್ಳೆಯದನ್ನೇ ಬಯಸುವ,
ಅಮ್ಮ
(ಪಾರ್ವತಿ ಉದಯಶಂಕರ್)

ಮರೆತ ಮಾತು: ಕವರು ಅಂಟಿಸಿ ಪ್ರಶಾಂತನ ಕೈಗೆ ಕೊಡಬೇಕೆಂದಿದ್ದೆ, ಅಷ್ಟರಲ್ಲಿ ನೀನು ಫೋನ್ ಮಾಡಿದೆ. "ಕಾಗದ ಬರೋವರೆಗೂ ಕಾಯೋಕಾಗಲ್ಲಮ್ಮ, ಒಂದೇ ಮಾತು ಹೇಳು, ನಾನು ನಂಬ್ತೀನಿ" ಎಂದೆ ನೀನು. ಕಾಗದ ಬರುತ್ತೆ, ಓದು ಎಂದು ಹೇಳಿ ನಾನು ಫೋನ್ ಇಟ್ಟೆ. ಆ ನಂಬ್ತೀನಿ ಎಂಬ ಮಾತು ಕೇಳಿದ ಮೇಲೆ ಇದನ್ನು ಹೀಗೇ ಕಳಿಸಲಾರೆ. ಕವರು ಬಿಚ್ಚಿದ್ದೇನೆ. ಮೇಲೆ ಬರೆದದ್ದನ್ನು ಹರಿಯುವುದಿಲ್ಲ, ನಿನ್ನ ಅಮ್ಮ ಎಷ್ಟು ಚೆನ್ನಾಗಿ ಆಧಾರ ಕೊಡಬಲ್ಲಳು ನೋಡು.

ಬಾಲಕೃಷ್ಣ ಮದ್ದೂರಿನವನಲ್ಲ, ಧಾರವಾಡದವನು. ಅವನ ಹಕಾರ ಎದೆಯಿಂದ ಬರುತ್ತಿತ್ತು. ಮಳವಳ್ಳಿಯವಳು ನಾನು. ನಿನಗೆ ಗೊತ್ತಿರುವ ಅಮ್ಮನ ನಾಲಿಗೆ ನೀನು ಹುಟ್ಟುವ ಮೊದಲು ತಿದ್ದಿದ್ದು. ಒಟ್ಟೆ ಅಸೀತಾ, ಅನ್ನ ಆಕ್ಲಾ ಎಂದು ಮಾಸ್ಕೋದ ಆ ಪುಟ್ಟ ಮನೆಯಲ್ಲಿ ನಿಮ್ಮಪ್ಪ ಬಾಗಿಲು ತೆರೆದು ಒಳಗೆ ಬಂದಾಗಲೆಲ್ಲ ಕೇಳುತ್ತಿದ್ದವಳು ನಾನು. ಅವರು ನಗುತ್ತಿದ್ದರು, ತಿದ್ದುತ್ತಿರಲಿಲ್ಲ. ನನ್ನ ಮಾತನ್ನು ಅವಳ ಮನೆಗೆ ಹೊತ್ತುಕೊಂಡು ಹೋಗಿದ್ದಾರೆ ಕಣೇ. ಅವಳು ಕಲಿತ ಕನ್ನಡವೆಲ್ಲ ನನ್ನ ಬಾಯಿ. ಅಣಕಿಸುವುದಕ್ಕೆ ಹೇಳಿಕೊಟ್ಟರೋ ಅಕ್ಕರೆಗೆ ಹೇಳಿಕೊಟ್ಟರೋ ನನಗೆ ತಿಳಿಯದು, ಇನ್ನು ತಿಳಿಯುವುದೂ ಇಲ್ಲ.

ಆ ಪೋಸ್ಟರಿನ ಗಲಾಟೆಯಾದ ವಾರದಿಂದ ನಿಮ್ಮಪ್ಪ ನನಗೆ ಹಕಾರದ ಪಾಠ ಶುರು ಮಾಡಿದರು. ಬೆಳಿಗ್ಗೆ ಎದ್ದ ಕೂಡಲೇ ಹಂಸ ಹಾರಿತು, ಹೂವು ಹಣ್ಣಾಯಿತು. ಕರಡು ತಿದ್ದುವವಳ ನಾಲಿಗೆ ಶುದ್ಧವಾಗಿರಬೇಕು ಎಂದರು. ಎಂಥ ಭಾಷಾಭಿಮಾನ ಎಂದು ನಾನು ಹೆಮ್ಮೆಪಟ್ಟುಕೊಂಡೆ. ವಿಚಾರಣೆಯವರು ನನ್ನ ಬಾಯಿ ಕೇಳಿಸಿಕೊಂಡರೆ ಅವಳಿಗೆ ಕಲಿಸಿದ್ದು ಯಾರೆಂದು ಗೊತ್ತಾಗುತ್ತದೆ ಎಂಬ ಹೆದರಿಕೆ ಅದು. ಊರಿನವರ ಮೇಲೆಲ್ಲ ಅನುಮಾನ ಪಡುವ ಹೆಂಗಸು ನಾನು, ಅದೊಂದರ ಮೇಲೆ ಮಾತ್ರ ಅನುಮಾನ ಪಡಲಿಲ್ಲ. ಅವಳು ಕೆಲಸ ಕಳೆದುಕೊಂಡರೂ ಅವರ ಹೆಸರು ಹೇಳಲಿಲ್ಲ. ಅದನ್ನೂ ಬರೆದುಬಿಡುತ್ತೇನೆ, ಬರೆಯುವುದಕ್ಕೆ ಮನಸ್ಸಿಲ್ಲ.

ಟ್ಯೂಬನ್ನು ಕಸದಿಂದ ತೆಗೆ. ನೀನು ಹಾಕಿರುವುದಿಲ್ಲ, ನನಗೆ ಗೊತ್ತು. ಪ್ರಶಾಂತನಿಗೆ ನಾನೇ ಹೇಳುತ್ತೇನೆ.

ಅಲೆಕ್ಸೇಯ್ ಆ ಮಾತು ಹೇಳಿದಾಗ ನನಗೆ ನಗು ಬಂತು ಎಂದು ಬರೆದದ್ದೂ ಸುಳ್ಳು, ಹಸಿವಿಲ್ಲ ಎಂದದ್ದೂ ಸುಳ್ಳು. ಅಷ್ಟು ವರ್ಷ ಆ ಮಾತನ್ನು ನಾನು ನಿಮ್ಮಪ್ಪನನ್ನು ಕೇಳಿದ್ದೇನೆಯೇ ಹೊರತು ನನ್ನನ್ನು ಯಾರೂ ಕೇಳಿರಲಿಲ್ಲ. ತಟ್ಟೆ ಹಿಡಿದುಕೊಂಡು ನಿಂತ ಆ ಹುಡುಗನ ಮುಖ ನೋಡಿ ನನ್ನ ಬಾಯಿಂದ ಬಂದದ್ದು ಒಂದೇ ಮಾತು. "ಊಂ ಕಣಪ್ಪ, ಆಕು."